ಚಿನ್ನದ ಕಥೆ, ಬೆಳ್ಳಿಯ ರೀಲು

ಕನ್ನಡ ಚಿತ್ರರಂಗದ ಎಪ್ಪತ್ತರ ದಶಕದ ಮಾತು ಬಂದಾಗ ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಚಿತ್ರಗಳ ಹೆಸರು ಮೊದಲು ಕೇಳಿಬರುತ್ತದೆ. ಮೂರೂ ಆಯಾ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದವು. ಅದೇ ದಶಕದಲ್ಲಿ ಇನ್ನೊಂದು ಬಗೆಯ ಚಿತ್ರಗಳೂ ಊರೂರು ತಿರುಗುತ್ತಿದ್ದವು. ಒಬ್ಬ ಪತ್ತೇದಾರ, ಒಂದು ಕಳ್ಳಸಾಗಣೆ ಜಾಲ, ನಾಲ್ಕಾರು ಹೊಡೆದಾಟ, ಒಂದು ಕ್ಲಬ್ ಹಾಡು ಇದ್ದರೆ ಅವುಗಳ ಸಾಮಗ್ರಿ ಮುಗಿಯಿತು. ಜನ ಇವನ್ನು ‘ಫೈಟಿಂಗ್ ಪಿಕ್ಚರ್’ ಎಂದರು. ವಿಮರ್ಶಕರು ಹೆಚ್ಚಾಗಿ ಏನೂ ಅನ್ನಲಿಲ್ಲ.

ಈ ಹಾದಿಯನ್ನು ಕನ್ನಡದಲ್ಲಿ ತೆರೆದವರು ದೊರೈ-ಭಗವಾನ್ ಜೋಡಿ. 1962ರಲ್ಲಿ ‘ಡಾಕ್ಟರ್ ನೋ’ ಮೂಲಕ ತೆರೆಗೆ ಬಂದ ಜೇಮ್ಸ್ ಬಾಂಡ್‌ನ ಗಾಳಿ ಆಗಲೇ ದಕ್ಷಿಣಕ್ಕೂ ಬೀಸಿತ್ತು. ತೆಲುಗಿನಲ್ಲಿ 1966ರಲ್ಲಿ ‘ಗೂಢಚಾರಿ 116’ ಬಂದಿತ್ತು. 1968ರ ‘ಜೇಡರ ಬಲೆ’ಯಲ್ಲಿ, ಅದುವರೆಗೆ ಪೌರಾಣಿಕ, ಐತಿಹಾಸಿಕ ಪಾತ್ರಗಳಿಗೆ ಹೆಸರಾಗಿದ್ದ ರಾಜ್‌ಕುಮಾರ್ ಕೋಟು ತೊಟ್ಟು ಪಿಸ್ತೂಲು ಹಿಡಿದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಮುಂದೆ ಹಿಂದಿಯ ದೊಡ್ಡ ತಾರೆಯಾದ ರೇಖಾ ನಾಯಕಿಯಾಗಿ ಕಾಣಿಸಿಕೊಂಡದ್ದು ಈ ಮೂರನೆಯ ಚಿತ್ರದಲ್ಲಿ.

ಇವು ಬರಿಯ ಅನುಕರಣೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ವೇಷ ವಿಲಾಯತಿಯದು, ನಿಜ. ಆದರೆ ಭಯ ಈ ನೆಲದ್ದು. ‘ಜೇಡರ ಬಲೆ’ಯ ಖಳರು ಬೆನ್ನಟ್ಟುವುದು ಬೇರೆ ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರವನ್ನು. ಚಿತ್ರ ತೆರೆಕಂಡ 1968ರಲ್ಲೇ ಚಿನ್ನ ನಿಯಂತ್ರಣ ಕಾಯ್ದೆ ಜಾರಿಗೆ ಬಂತು. ಅದಕ್ಕೆ ಐದು ವರ್ಷ ಮೊದಲೇ, 1963ರಲ್ಲಿ, ಮೊರಾರ್ಜಿ ದೇಸಾಯಿಯವರು ಹಣಕಾಸು ಸಚಿವರಾಗಿದ್ದಾಗ ಚಿನ್ನದ ಮೇಲೆ ನಿರ್ಬಂಧ ಬಿದ್ದಿತ್ತು. ಅಕ್ಕಸಾಲಿಗನ ಮೂಸೆ ತಣ್ಣಗಾದ ಕಾಲದಲ್ಲಿ ಕಳ್ಳಸಾಗಣೆ ಬಿಸಿಯೇರಿತು. 1974ರಲ್ಲಿ ಕಾಫಿಪೋಸಾ ಕಾಯ್ದೆ ಬಂದ ಮೇಲೆ ‘ಸ್ಮಗ್ಲರ್’ ಎಂಬ ಪದ ಹಳ್ಳಿಯ ಚಹಾದಂಗಡಿಗೂ ತಲುಪಿತು. ತೆರೆಯ ಮೇಲಿನ ಖಳನನ್ನು ಪ್ರೇಕ್ಷಕರು ಪತ್ರಿಕೆಯಲ್ಲಿ ಆಗಲೇ ಓದಿದ್ದರು.

ಕಥೆ ಗೋವಾಕ್ಕೆ ಹೋದದ್ದಕ್ಕೂ ಕಾರಣವಿತ್ತು. 1961ರ ಡಿಸೆಂಬರ್‌ನಲ್ಲಷ್ಟೇ ಪೋರ್ಚುಗೀಸರಿಂದ ಬಿಡುಗಡೆ ಪಡೆದಿದ್ದ ಗೋವಾ, ಉತ್ತರ ಕನ್ನಡದವರ ಪಾಲಿಗೆ ಕಾರವಾರ ದಾಟಿದರೆ ಸಿಗುವ ನೆರೆಮನೆ. ಆದರೂ ಬೇರೆ ಭಾಷೆಯ, ಬೇರೆ ರೀತಿಯ ಮನೆ. ಕಡಿಮೆ ಖರ್ಚಿನಲ್ಲಿ ವಿದೇಶದ ಗಾಳಿ ತೋರಿಸಬೇಕಾದ ನಿರ್ಮಾಪಕನಿಗೆ ಇದಕ್ಕಿಂತ ಹತ್ತಿರದ ಪರದೇಶ ಎಲ್ಲಿತ್ತು?

ರಾಜ್‌ಕುಮಾರ್ ಈ ಸರಣಿಗೆ ಮರಳಿದ್ದು 1978ರಲ್ಲಿ, ನೇಪಾಳದ ಹಿನ್ನೆಲೆಯ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ. ಅದರ ಇಂಗ್ಲಿಷ್ ಹಾಡು ಈಗಿನ ಹುಡುಗರ ಮೊಬೈಲಿನಲ್ಲೂ ಇದೆ. ನಡುವಿನ ವರ್ಷಗಳಲ್ಲಿ ಈ ದಾರಿಯಲ್ಲಿ ನಡೆದವರು ಬೇರೆಯವರು. ದ್ವಾರಕೀಶ್ 1972ರ ‘ಕುಳ್ಳ ಏಜೆಂಟ್ 000’ದಲ್ಲಿ ಬಾಂಡ್‌ನನ್ನೇ ನಗೆಗೀಡು ಮಾಡಿದರು. ತೆಲುಗಿನಲ್ಲಿ ‘ಮೋಸಗಾಳ್ಳಕು ಮೋಸಗಾಡು’ (1971) ಎಂಬ ಕುದುರೆ-ಕೋವಿಯ ಚಿತ್ರ ಮಾಡಿದ್ದ ಕೆ.ಎಸ್.ಆರ್. ದಾಸ್ ಕನ್ನಡಕ್ಕೆ ಬಂದು ‘ಕಳ್ಳ ಕುಳ್ಳ’ (1975), ‘ಸಹೋದರರ ಸವಾಲ್’ (1977), ‘ಕಿಲಾಡಿ ಕಿಟ್ಟು’ (1978) ನಿರ್ದೇಶಿಸಿದರು. ಮೂರರಲ್ಲೂ ವಿಷ್ಣುವರ್ಧನ್, ಕೊನೆಯ ಎರಡರಲ್ಲಿ ಅವರ ಜೊತೆ ಆಗಿನ್ನೂ ಹೊಸಬರಾಗಿದ್ದ ರಜನೀಕಾಂತ್. ದಾಸ್ ಮೂಲತಃ ಸಂಕಲನಕಾರರು. ಹಣದಿಂದ ತರಲಾಗದ ವೇಗವನ್ನು ಕತ್ತರಿಯಿಂದ ತರುವುದು ಈ ಬಗೆಯ ಚಿತ್ರಗಳ ಮುಖ್ಯ ವಿದ್ಯೆ.

ಇಂಥ ಚಿತ್ರ ಗಾಂಧಿನಗರದಿಂದ ಘಟ್ಟದ ಊರುಗಳನ್ನು ತಲುಪುವುದು ತಡವಾಗಿಯೇ. ತೆಗೆದ ಪ್ರತಿಗಳು ಕೆಲವೇ. ಅವು ದೊಡ್ಡ ಊರುಗಳಲ್ಲಿ ಓಡಿ, ಗೀರು ಬಿದ್ದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬರಬೇಕು. ಬಿಳಗಿಯಂಥ ಊರಿನವರಿಗೆ ಸಿನಿಮಾ ಎಂದರೆ ಪೇಟೆಯ ದಾರಿ ಹಿಡಿಯುವ ಕೆಲಸ. ಬಯಲುಸೀಮೆಯಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಹುಕಾಲ ನಿಲ್ಲಬಹುದು. ಮಲೆನಾಡಿನ ಮಳೆ ಅದಕ್ಕೆ ಬಿಡುವುದಿಲ್ಲ. ಮಳೆ ನಿಂತ ಮೇಲೆ ಯಕ್ಷಗಾನದ ಡೇರೆ ಮೇಳಗಳೂ ತಿರುಗಾಟಕ್ಕೆ ಹೊರಡುತ್ತಿದ್ದವು. ಆಟಕ್ಕೂ ಪಿಕ್ಚರಿಗೂ ಪ್ರೇಕ್ಷಕರು ಒಂದೇ, ಅವರ ಕಿಸೆಯಲ್ಲಿದ್ದ ಚಿಲ್ಲರೆಯೂ ಒಂದೇ. ರಾತ್ರಿಯಿಡೀ ಯುದ್ಧ, ಹಾಸ್ಯ, ಮಾಯೆ ಎಲ್ಲವನ್ನೂ ಒಂದೇ ರಂಗದಲ್ಲಿ ಕಂಡವರಿಗೆ, ಹಾಡಿನಿಂದ ಹೊಡೆದಾಟಕ್ಕೆ ಜಿಗಿಯುವ ಸಿನಿಮಾ ಅಸಂಬದ್ಧ ಎನಿಸಬೇಕಾಗಿರಲಿಲ್ಲ.

ಕಲಾತ್ಮಕ ಮತ್ತು ವ್ಯಾಪಾರಿ ಚಿತ್ರಗಳ ನಡುವಿನ ಗೋಡೆಯೂ ನಾವು ತಿಳಿದಷ್ಟು ಎತ್ತರದ್ದಲ್ಲ. ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಕತ್ತಿವರಸೆಯ ಚಿತ್ರವೇ. ಜಪಾನಿನ ಕುರೊಸಾವನ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ. ಅದರ ನಾಯಕ ಶಂಕರ್‌ನಾಗ್ ಮುಂದಿನ ವರ್ಷಗಳಲ್ಲಿ ಹೊಡೆದಾಟದ ಚಿತ್ರಗಳ ಜನಪ್ರಿಯ ನಟರಾದರು.

ವ್ಯತ್ಯಾಸ ಹೆಚ್ಚಾಗಿ ಕಾಣುವುದು ಉಳಿವಿನಲ್ಲಿ. 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಪ್ರಶಸ್ತಿ ಪಡೆದ ಚಿತ್ರಗಳಿಗೆ ಜಾಗ ಸಿಗುವುದು ಸುಲಭವಾಗಿತ್ತು. ತಾರೆಯರ ಹೆಸರಿದ್ದ ಚಿತ್ರಗಳನ್ನು ವಿಡಿಯೊ ಕ್ಯಾಸೆಟ್, ಆಮೇಲೆ ದೂರದರ್ಶನ ಕಾದವು. ಹೆಸರಿಲ್ಲದ ನಟರ, ಒಂದೇ ಚಿತ್ರ ಮಾಡಿ ಕೈಸೋತ ನಿರ್ಮಾಪಕರ ಪಿಕ್ಚರುಗಳಿಗೆ ಇದಾವುದೂ ಇರಲಿಲ್ಲ. ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವದಲ್ಲಿ ಹುಳಿಗಟ್ಟಿ, ವಿನಿಗರ್ ವಾಸನೆ ಬಿಟ್ಟು, ಸುರುಟಿ ಹಾಳಾಗುತ್ತದೆ. ಕಪ್ಪು-ಬಿಳುಪಿನ ಹಳೆಯ ಪ್ರತಿಗಳಿಗೆ ಇನ್ನೊಂದು ಗಂಡಾಂತರವಿತ್ತು. ಆ ಚಿತ್ರಿಕೆ ಮೂಡಿರುವುದೇ ಬೆಳ್ಳಿಯ ಕಣಗಳಿಂದ. ಓಡಿ ಮುಗಿದ ಪ್ರತಿಯನ್ನು ಗುಜರಿಗೆ ಹಾಕಿ, ಫಿಲ್ಮು ತೊಳೆದು ಬೆಳ್ಳಿ ತೆಗೆಯುವುದು ದೇಶದ ಹಲವೆಡೆ ನಡೆಯಿತು. ಚಿನ್ನದ ಆಸೆಯ ಕಥೆ ಹೇಳಿದ ಕಾಲದ ಚಿತ್ರಗಳು ಬೆಳ್ಳಿಯ ಆಸೆಗೆ ಕರಗಿದವು.

ಕೆಲವು ಚಿತ್ರಗಳಿಗೆ ಉಳಿದಿರುವ ಸಾಕ್ಷಿಯೆಂದರೆ ಪೋಸ್ಟರು, ಗ್ರಾಮಾಫೋನ್ ತಟ್ಟೆ ಮತ್ತು ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಆ ಪುಸ್ತಕದಲ್ಲಿ ಕಥಾಸಾರವೂ ಇರುತ್ತಿತ್ತು. ಆದರೆ ಅದು ಪೂರ್ತಿ ಹೇಳುತ್ತಿರಲಿಲ್ಲ. ಖಳನ ಬಲೆಗೆ ನಾಯಕ ಬಿದ್ದಲ್ಲಿಗೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಮುಗಿಸುತ್ತಿತ್ತು. ರೀಲೇ ಉಳಿಯದ ಚಿತ್ರಗಳಲ್ಲಿ ಆ ಮುಂದಿನದು ಬದುಕಿರುವುದು ಅಂದು ನೋಡಿದವರ ನೆನಪಿನಲ್ಲಿ ಮಾತ್ರ. ಅವರಿಗೂ ಈಗ ವಯಸ್ಸಾಗಿದೆ. ಅಟ್ಟದ ಮೇಲಿನ ಆ ಪುಸ್ತಕಗಳ ಜೊತೆಗೆ, ಅವರು ಹೇಳುವ ಕಥೆಯನ್ನೂ ಬರೆದಿಡುವ ಕೆಲಸ ಬಾಕಿಯಿದೆ.