ಕಥೆಯ ಓದು, ಅರ್ಥದ ಅರಿವು: ಕರಾವಳಿಯ ಶಾಲೆಗಳಲ್ಲಿ ಒಂದು ಹಳೆಯ ಪಾಠ

ನಿಮ್ಮ ಮನೆಯಲ್ಲಿ ಐದನೇ ತರಗತಿಯ ಮಗುವಿದ್ದರೆ ಕನ್ನಡ ಪಠ್ಯಪುಸ್ತಕದ ಒಂದು ಕಥೆಯನ್ನು ಗಟ್ಟಿಯಾಗಿ ಓದಿಸಿ ನೋಡಿ. ಮಗು ತಡವರಿಸದೆ ಓದಿದರೆ ನಿಮಗೆ ಸಂತೋಷವಾಗುತ್ತದೆ. ಅನಂತರ ಪುಸ್ತಕ ಮುಚ್ಚಿಸಿ, “ಇದರಲ್ಲಿ ಏನಾಯಿತು? ಯಾಕೆ ಹಾಗಾಯಿತು?” ಎಂದು ಕೇಳಿ. ಅನೇಕ ಮಕ್ಕಳು ಈ ಪ್ರಶ್ನೆಗೆ ಸುಮ್ಮನಾಗುತ್ತಾರೆ. ಅಕ್ಷರ ಓದುವುದು ಒಂದು ವಿದ್ಯೆ, ಓದಿದ್ದನ್ನು ತಿಳಿಯುವುದು ಇನ್ನೊಂದು ವಿದ್ಯೆ. ಮೊದಲನೆಯದು ಬಂದ ಮಾತ್ರಕ್ಕೆ ಎರಡನೆಯದು ತಾನಾಗಿ ಬರುವುದಿಲ್ಲ. ಈ ಎರಡರ ನಡುವಿನ ಅಂತರವನ್ನು ದಾಟಿಸಲು ಶಾಲೆಗಳು ಕಂಡುಕೊಂಡ ಉತ್ತಮ ಸಾಧನ ಸಣ್ಣ ಕಥೆ. ಆ ಸಾಧನದ ಇತಿಹಾಸದಲ್ಲಿ ನಮ್ಮ ಕರಾವಳಿಗೆ ಹೆಮ್ಮೆಪಡುವಂತಹ ಪಾಲಿದೆ.

ನಮ್ಮ ಸಮುದಾಯಕ್ಕೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಪ್ರವಾದಿ ಮುಹಮ್ಮದ್(ಸ)ರಿಗೆ ಅವತೀರ್ಣವಾದ ಮೊದಲ ಪದವೇ ‘ಇಕ್ರಅ್’, ಓದು ಎಂಬ ಆದೇಶ. ನಮ್ಮ ಮಕ್ಕಳು ಮದ್ರಸದಲ್ಲಿ ಕುರ್‌ಆನನ್ನು ಶುದ್ಧವಾಗಿ ಓದಲು ಕಲಿಯುತ್ತಾರೆ. ಅದಕ್ಕೆ ಅದರದೇ ಆದ ಶಿಸ್ತೂ ಪುಣ್ಯವೂ ಇದೆ. ಅರ್ಥವನ್ನು ಉಸ್ತಾದರು ಬೇರೆಯಾಗಿ ಕಲಿಸುತ್ತಾರೆ. ಇನ್ನು ಶಾಲೆಯ ಕನ್ನಡ. ಉಡುಪಿ, ಕಾಪು, ಕಾರ್ಕಳದ ನಮ್ಮ ಮನೆಗಳಲ್ಲಿ ಆಡುವ ಮಾತು ಬ್ಯಾರಿ ಅಥವಾ ಉರ್ದು, ಪೇಟೆಯಲ್ಲಿ ಕೇಳುವುದು ತುಳು. ಪುಸ್ತಕದ ಕನ್ನಡ ಅನೇಕ ಮಕ್ಕಳಿಗೆ ಮೂರನೆಯ ಭಾಷೆ. ಅರ್ಥ ಗೊತ್ತಾಗದೆಯೂ ಸರಾಗವಾಗಿ ಓದುವ ಶಕ್ತಿ ಇಂತಹ ಮಕ್ಕಳಿಗಿರುವುದರಿಂದ, ಅವರ ತೊಂದರೆ ಶಿಕ್ಷಕರ ಕಣ್ಣಿಗೂ ಹೆತ್ತವರ ಕಣ್ಣಿಗೂ ಬೇಗ ಬೀಳುವುದಿಲ್ಲ.

ಆದರೆ ಮನೆಮಾತು ಬೇರೆಯಾದುದು ಅಡ್ಡಿಯೇ ಆಗಬೇಕೆಂದಿಲ್ಲ. ಇದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆಯಿತು. 1841ರಲ್ಲಿ ಅದರ ಮುದ್ರಣಾಲಯ ಆರಂಭವಾದ ಮೇಲೆ ಅಚ್ಚಾದ ಕನ್ನಡ ಪುಸ್ತಕ ಜಿಲ್ಲೆಯ ಮಕ್ಕಳ ಕೈಗೆ ಬರತೊಡಗಿತು. ಆಗ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಐಗಳ ಮಠದ ಬಾಯಿಪಾಠದ ಪದ್ಧತಿಯಿಂದ ಬಂದವರಿಗೆ ಓದುವುದೆಂದರೆ ಗಟ್ಟಿಯಾಗಿ ಹೇಳುವುದೇ ಆಗಿತ್ತು.

ಈ ಕಾಲದಲ್ಲಿ ಕಾರ್ಕಳದ ಕಡೆಯ ನಂದಳಿಕೆಯಿಂದ ಬಂದವರು ಲಕ್ಷ್ಮೀನಾರಾಯಣಪ್ಪ, ಅಂದರೆ ಮುದ್ದಣ ಕವಿ (1870–1901). ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮ ಮತ್ತು ಕನ್ನಡ ಕಲಿಸಿದ ಬಡ ಮಾಸ್ತರರು ಅವರು. ಅವರ ‘ಶ್ರೀರಾಮಾಶ್ವಮೇಧಂ’ ಕೃತಿಯಲ್ಲಿ ಮುದ್ದಣ ಕಥೆ ಹೇಳುತ್ತಾನೆ, ಅವನ ಮಡದಿ ಮನೋರಮೆ ಕೇಳುತ್ತಾಳೆ. ಅವಳು ಬರಿದೇ ತಲೆದೂಗುವುದಿಲ್ಲ. ಬಿಗಿಯಾದ ಸಂಸ್ಕೃತ ಪದ ಬಂದರೆ ತಡೆದು ಅರ್ಥ ಕೇಳುತ್ತಾಳೆ, ತಿಳಿಯುವ ಕನ್ನಡದಲ್ಲಿ ಹೇಳಬೇಕೆಂದು ಹಟ ಹಿಡಿಯುತ್ತಾಳೆ, ಕೊಂಕು ಮಾತನಾಡುತ್ತಾಳೆ. ವಿದ್ಯಾರ್ಥಿಗಳೇ, ಒಳ್ಳೆಯ ಓದುಗ ಹೇಗಿರಬೇಕೆಂದು ತಿಳಿಯಲು ಮನೋರಮೆಯನ್ನು ನೋಡಿದರೆ ಸಾಕು. ತಿಳಿಯದಿದ್ದಲ್ಲಿ ನಿಲ್ಲಿಸಿ ಕೇಳುವುದೇ ಓದಿನ ಮೊದಲ ಗುಣ.

ಈ ಗುಣವನ್ನು ಮಕ್ಕಳ ಪುಸ್ತಕದೊಳಕ್ಕೆ ತಂದವರು ಪಂಜೆ ಮಂಗೇಶರಾಯರು (1874–1937). ಬಂಟ್ವಾಳದವರಾದ ಪಂಜೆಯವರ ಮನೆಮಾತು ಕೊಂಕಣಿ, ಊರಿನ ಮಾತು ತುಳು. ಹೊರಗಿನಿಂದ ಕನ್ನಡಕ್ಕೆ ಬಂದವರಾದ್ದರಿಂದಲೇ ಇರಬೇಕು, ಕನ್ನಡ ಎಲ್ಲಿ ಮಕ್ಕಳಿಗೆ ಕಷ್ಟವಾಗುತ್ತದೆಂದು ಅವರು ಬಲ್ಲವರಾಗಿದ್ದರು. ಅವರು ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದರು, ಶಾಲಾ ಇನ್‌ಸ್ಪೆಕ್ಟರಾಗಿ ಹಳ್ಳಿಹಳ್ಳಿಯ ತರಗತಿಗಳನ್ನು ನೋಡಿದರು. 1900ರ ಸುಮಾರಿಗೆ ‘ಸುವಾಸಿನಿ’ ಪತ್ರಿಕೆಯಲ್ಲಿ ಅವರು ಬರೆದ ಕಥೆಗಳಿಂದ ಕನ್ನಡ ಸಣ್ಣ ಕಥೆಯ ಆರಂಭವನ್ನು ಗುರುತಿಸುವವರಿದ್ದಾರೆ. 1921ರಲ್ಲಿ ಅವರು ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಸ್ಥಾಪಿಸಿದರು.

ಅವರ ಮಕ್ಕಳ ಕಥೆಗಳಲ್ಲಿ ಒಂದರ ಹೆಸರು ‘ಸಿಗಡಿ ಯಾಕೆ ಒಣಗಲಿಲ್ಲ?’ ಈ ಹೆಸರನ್ನು ಗಮನಿಸಿ. ಅದೇ ಒಂದು ಪ್ರಶ್ನೆ. ಮಲ್ಪೆಯಲ್ಲಿ, ಕಾಪುವಿನಲ್ಲಿ ಬಿಸಿಲಿಗೆ ಸಿಗಡಿ ಹರವುವುದನ್ನು ಕಂಡ ಮಗುವಿಗೆ ಹೆಸರು ಕೇಳಿದೊಡನೆ ಕಾರಣ ಹುಡುಕುವ ಆಸೆ ಹುಟ್ಟುತ್ತದೆ. ಕಾರಣ ಹುಡುಕುತ್ತ ಓದುವ ಮಗು ಅರ್ಥವನ್ನು ಬಿಟ್ಟು ಮುಂದೆ ಹೋಗಲಾರದು. ನೀತಿಯನ್ನು ಕೊನೆಗೆ ಒಂದು ಸಾಲಿನಲ್ಲಿ ಹೇಳಿ ಬಾಯಿಪಾಠ ಮಾಡಿಸುವ ಪಾಠಕ್ಕೂ, ‘ಯಾಕೆ’ ಎಂದು ಕೇಳಿಸುವ ಕಥೆಗೂ ಇರುವ ವ್ಯತ್ಯಾಸ ಇಲ್ಲಿದೆ.

ಮುಂದೆ ಏನಾಯಿತು? ಕಥೆಗಳು ಪಠ್ಯಪುಸ್ತಕದಲ್ಲಿ ಉಳಿದವು, ಆದರೆ ‘ಯಾಕೆ’ ಎಂಬುದು ಬಹುಮಟ್ಟಿಗೆ ಮರೆಯಾಯಿತು. ಒಂದು ವಾಕ್ಯದಲ್ಲಿ ಉತ್ತರಿಸಿ, ಬಿಟ್ಟ ಸ್ಥಳ ತುಂಬಿರಿ, ಸಂದರ್ಭ ಸಹಿತ ವಿವರಿಸಿ ಎಂಬ ಅಭ್ಯಾಸಗಳಿಗೆ ಪೇಟೆಯ ಗೈಡುಗಳಲ್ಲಿ ಸಿದ್ಧ ಉತ್ತರ ದೊರೆಯಿತು. ಉತ್ತರ ಗೊತ್ತಿದ್ದ ಮೇಲೆ ಕಥೆಯನ್ನು ಓದುವ ಅಗತ್ಯವೇನು? ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ, ಹಿಂದೆ ಓದಿರದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದಾಗ ಗೈಡು ನೆರವಿಗೆ ಬರುವುದಿಲ್ಲ. ವಿಜ್ಞಾನ, ಸಮಾಜ ವಿಜ್ಞಾನಗಳ ಪ್ರಶ್ನೆಯೂ ಅರ್ಥವಾಗದೆ ಎಷ್ಟೋ ಬುದ್ಧಿವಂತ ಮಕ್ಕಳು ಹಿಂದೆ ಬೀಳುತ್ತಾರೆ. ಮಗು ದಡ್ಡನೆಂದು ನಾವು ತೀರ್ಮಾನಿಸಿಬಿಡುತ್ತೇವೆ. ನಿಜವಾಗಿ ಅದಕ್ಕೆ ಓದಿ ತಿಳಿಯುವುದನ್ನು ಯಾರೂ ಕಲಿಸಿರುವುದಿಲ್ಲ.

ಶಿಕ್ಷಣ ಇಲಾಖೆಗಳೂ ಸಂಸ್ಥೆಗಳೂ ಈ ಕೊರತೆಯನ್ನು ಕಂಡಿವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಹಾಡು, ಕಥೆ, ಚಟುವಟಿಕೆಗಳನ್ನು ಕೆಳ ತರಗತಿಗಳಿಗೆ ತಂದಿತು. 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆಯಲ್ಲಿ ಮಗುವಿನ ಓದನ್ನು ಅಕ್ಷರ, ಪದ, ಚಿಕ್ಕ ಪರಿಚ್ಛೇದ, ಕಥೆ ಎಂಬ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಅಲ್ಲಿ ಕೊನೆಯ ಮೆಟ್ಟಿಲು ಎರಡನೇ ತರಗತಿಯ ಮಟ್ಟದ ಕಥೆ. 2021ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ನಿಪುಣ್ ಭಾರತ್’ ಯೋಜನೆಯ ಗುರಿಯಲ್ಲಿ ಅರ್ಥಸಹಿತ ಓದು ಎಂಬುದು ಸೇರಿದೆ.

ಇನ್ನು ನಮ್ಮವರ ಸಾಧನೆಯನ್ನು ನೋಡೋಣ. ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಅವರ ಮನೆಮಾತು ಮಲಯಾಳಂ, ಓದಿದ್ದು ಕನ್ನಡ ಶಾಲೆಯಲ್ಲಿ. ಪುತ್ತೂರಿನ ಬೊಳುವಾರು ಮಹಮದ್ ಕುಂಞಿ, ಕಾಪು ಸಮೀಪದ ಕಟಪಾಡಿಯ ಹೆಸರನ್ನು ತಮ್ಮ ಹೆಸರಿನೊಂದಿಗೆ ಇರಿಸಿಕೊಂಡ ಫಕೀರ್ ಮುಹಮ್ಮದ್ ಕಟ್ಪಾಡಿ ಇವರೆಲ್ಲ ನಮ್ಮ ಮನೆಯೊಳಗಿನ ಬದುಕನ್ನು ಕನ್ನಡ ಕಥೆಯಾಗಿಸಿದರು. ಉರ್ದು ಮಾತಿನ ಮನೆಯ ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. 2025ರಲ್ಲಿ ಅವರ ಸಣ್ಣ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ ಆ ಗೌರವ ಕನ್ನಡದ ಪಾಲಿಗೆ ಮೊದಲ ಬಾರಿ ದೊರೆಯಿತು.

ಹಾಗಾದರೆ ನಾವೇನು ಮಾಡಬಹುದು? ದುಡ್ಡು ಬೇಡ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮಗುವಿಗೆ ಒಂದು ಪುಟ್ಟ ಕಥೆ ಕೊಡಿ. ಮೊದಲು ಹೆಸರನ್ನಷ್ಟೇ ತೋರಿಸಿ, ಏನಿರಬಹುದೆಂದು ಕೇಳಿ. ಅರ್ಧ ಓದಿದಲ್ಲಿ ನಿಲ್ಲಿಸಿ, ಮುಂದೇನಾಗಬಹುದೆಂದು ಕೇಳಿ. ಓದು ಮುಗಿದ ಮೇಲೆ ಅದೇ ಕಥೆಯನ್ನು ಉಮ್ಮನಿಗೆ ಬ್ಯಾರಿಯಲ್ಲೋ ಉರ್ದುವಿನಲ್ಲೋ ಹೇಳಲಿ. ಕನ್ನಡದ ಕಥೆಯನ್ನು ಮನೆಮಾತಿನಲ್ಲಿ ಹೇಳಬಲ್ಲ ಮಗುವಿಗೆ ಕಥೆ ತಿಳಿದಿದೆ ಎಂದೇ ಅರ್ಥ. ಕನ್ನಡ ಓದಲು ಬಾರದ ತಾಯಿಯೂ ಹೀಗೆ ಗುರುವಾಗಬಲ್ಲಳು. ಕೊನೆಗೆ, “ಇದು ಯಾವ ವಾಕ್ಯದಿಂದ ಗೊತ್ತಾಯಿತು?” ಎಂದು ಕೇಳಿ, ಪುಸ್ತಕದಲ್ಲಿ ಬೆರಳಿಟ್ಟು ತೋರಿಸಲಿ. ಮಗುವೂ ಒಂದು ಪ್ರಶ್ನೆ ಕೇಳಲಿ. ಮಣಿಪಾಲದಿಂದ 1970ರಲ್ಲಿ ಆರಂಭವಾದ ‘ಉದಯವಾಣಿ’ಯಂತಹ ದಿನಪತ್ರಿಕೆ ಮನೆಗೆ ಬರುತ್ತಿದ್ದರೆ, ಅದರ ಒಂದು ಚಿಕ್ಕ ಬರಹದ ಮೇಲೂ ಇದೇ ಅಭ್ಯಾಸ ಮಾಡಬಹುದು.

ಸಂಘದ ಸದಸ್ಯರು ವಿದ್ಯಾರ್ಥಿವೇತನ, ಪುಸ್ತಕ ವಿತರಣೆಗಳ ಜೊತೆಗೆ ತಮ್ಮ ಜಮಾಅತಿನಲ್ಲಿ ವಾರಕ್ಕೊಂದು ಕಥೆಯ ಓದನ್ನೂ ಏರ್ಪಡಿಸಲಿ. ಕಾಲೇಜಿನಲ್ಲಿ ಓದುವ ತರುಣ ತರುಣಿಯರು ಅದನ್ನು ನಡೆಸಿಕೊಡಬಲ್ಲರು. ಪುಸ್ತಕ ಕೈಗಿಟ್ಟರೆ ಅರ್ಧ ಕೆಲಸವಾದಂತೆ, ಉಳಿದರ್ಧ ಮಗುವಿನ ಬಾಯಲ್ಲಿ ‘ಯಾಕೆ’ ಎಂಬ ಮಾತು ಹುಟ್ಟಿಸುವುದು. ನಮ್ಮ ಮಕ್ಕಳಿಗೆ ಓದಿದ್ದನ್ನು ಅರಿಯುವ ವಿದ್ಯೆಯನ್ನು ಅಲ್ಲಾಹನು ಕರುಣಿಸಲಿ. ಆಮೀನ್.