ಮಾಡೆಲ್ ಪೋರ್ಟ್‌ಫೋಲಿಯೊದಲ್ಲಿ ‘ಬೈ’ ಅಂತ ಇದ್ದರೆ ನೀವೂ ಕೊಳ್ಳಬೇಕಾ?

ಕಂಪನಿಗಳ ಹೆಸರು, ಪಕ್ಕದಲ್ಲಿ ಹಸಿರು ಬಣ್ಣದ ‘ಬೈ’, ಕೊನೆಯ ಸಾಲಿನಲ್ಲಿ ‘ಚಿನ್ನ 10%’. ಇಂಥ ಸ್ಕ್ರೀನ್‌ಶಾಟ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಪಟ್ಟಿ ನಿಜವಾದದ್ದೇ ಆಗಿದ್ದರೂ ಅದನ್ನು ಓದುವ ರೀತಿ ತಪ್ಪಿದರೆ ದುಡ್ಡು ಹೋಗುತ್ತದೆ.

ಮಾಡೆಲ್ ಪೋರ್ಟ್‌ಫೋಲಿಯೊ ಎಂದರೆ ಒಂದು ಮಾದರಿ ಬುಟ್ಟಿ. ಯಾವ ಷೇರಿನಲ್ಲಿ ಎಷ್ಟು ಪಾಲು ಹಾಕಬೇಕು ಎಂದು ವಿಶ್ಲೇಷಕರು ಲೆಕ್ಕ ಹಾಕಿ ಕೊಡುತ್ತಾರೆ. ನಿಮ್ಮ ವಯಸ್ಸು, ಸಾಲ, ಮಗಳ ಕಾಲೇಜು ಫೀಸು ಯಾವುದೂ ಅದಕ್ಕೆ ಗೊತ್ತಿರುವುದಿಲ್ಲ.

‘ಬೈ’ ಪಕ್ಕದ ಬೆಲೆ, ದಿನಾಂಕ ನೋಡಿ

ಒಂದು ಷೇರನ್ನು ‘420 ರೂಪಾಯಿವರೆಗೆ ಕೊಳ್ಳಬಹುದು, 12 ತಿಂಗಳ ಗುರಿ 500’ ಎಂದು ಹೇಳಿದ್ದಾರೆ ಎಂದುಕೊಳ್ಳಿ. ಮೂರು ತಿಂಗಳ ನಂತರ ಆ ಚಿತ್ರ ನಿಮ್ಮ ಕೈಸೇರಿದಾಗ ಷೇರು 480ರಲ್ಲಿದೆ. 420ಕ್ಕೆ ಕೊಂಡವರಿಗೆ ಗುರಿ ತಲುಪಿದರೆ 80 ರೂಪಾಯಿ ಲಾಭ, ನಿಮಗೆ 20 ಮಾತ್ರ. ಬಿದ್ದರೆ ನಷ್ಟ ನಿಮ್ಮದೇ ಹೆಚ್ಚು. ವಿಶ್ಲೇಷಕರು ಆ ಹೊತ್ತಿಗೆ ಅದನ್ನು ‘ಹೋಲ್ಡ್’ ಎಂದು ಬದಲಾಯಿಸಿರಬಹುದು. ಇದ್ದವರು ಇಟ್ಟುಕೊಳ್ಳಿ ಎಂದು ಅದರ ಅರ್ಥ, ಹೊಸಬರು ಕೊಳ್ಳಿ ಎಂದಲ್ಲ. ಆದರೆ ಫಾರ್ವರ್ಡ್ ಆಗುವುದು ಹಳೆಯ ಚಿತ್ರವೇ, ದಿನಾಂಕ ಕತ್ತರಿಸಿಹೋಗಿರುತ್ತದೆ.

‘ಇಷ್ಟು ಶೇಕಡಾ ಲಾಭ’ ಎಂಬ ಸಾಲನ್ನೂ ಅನುಮಾನದಿಂದಲೇ ನೋಡಿ. ಬ್ರೋಕರೇಜ್, ತೆರಿಗೆ ಕಳೆದಿದ್ದಾರಾ? ನಷ್ಟ ಮಾಡಿದ ಷೇರನ್ನು ಪಟ್ಟಿಯಿಂದ ತೆಗೆದ ಮೇಲೆ ಅದರ ನಷ್ಟವೂ ಲೆಕ್ಕದಲ್ಲಿದೆಯಾ?

ಚಿನ್ನ ಮಾರಿ ಎಂದರೆ ಚಿನ್ನ ಬೀಳುತ್ತದೆ ಎಂದಲ್ಲ

ಹೆಚ್ಚು ಗೊಂದಲ ಇಲ್ಲೇ. ಬುಟ್ಟಿಯಲ್ಲಿ ಚಿನ್ನ ಇಡುವುದು ಷೇರು ಕುಸಿದಾಗ ಆಸರೆಯಾಗಲಿ ಎಂದು. 1 ಲಕ್ಷದಲ್ಲಿ 90,000 ಷೇರಿಗೆ, 10,000 ಚಿನ್ನಕ್ಕೆ ಹಾಕಿದ್ದೀರಿ. ಷೇರು ಅಲ್ಲೇ ನಿಂತು ಚಿನ್ನ 15,000 ಆದರೆ ಒಟ್ಟು 1,05,000. ಅದರಲ್ಲಿ ಚಿನ್ನದ ಪಾಲು 14%ಗಿಂತ ಹೆಚ್ಚು. ಮತ್ತೆ 10%ಗೆ ತರಲು 4,500 ರೂಪಾಯಿಯ ಚಿನ್ನ ಮಾರಬೇಕು. ಇದು ಬರೀ ಸಮತೋಲನದ ಲೆಕ್ಕ. ಇದನ್ನೇ ‘ತಜ್ಞರು ಚಿನ್ನ ಮಾರುತ್ತಿದ್ದಾರೆ!’ ಎಂದು ಹರಡುತ್ತಾರೆ.

ಇನ್ನೊಂದು ಮಾತು: ಮನೆಯಲ್ಲಿ ಈಗಾಗಲೇ 100 ಗ್ರಾಂ ಒಡವೆ ಇದ್ದರೆ ಆ 10% ಎಂದೋ ದಾಟಿರಬಹುದು. ‘ಅದು ಮಾರೋಕಲ್ಲ, ಹಾಕ್ಕೊಳ್ಳೋಕೆ’ ಎಂದು ಅಮ್ಮ ಹೇಳುತ್ತಾರೆ, ಸರಿ. ಆದರೂ ಬೆಲೆ ಇಳಿದರೆ ನಿಮ್ಮ ಆಸ್ತಿ ಇಳಿಯುವುದು ತಪ್ಪುವುದಿಲ್ಲ.

ನಮ್ಮಲ್ಲಿ ಚಿನ್ನದ ದರ ಅಂತಾರಾಷ್ಟ್ರೀಯ ಬೆಲೆ, ಡಾಲರ್ ದರ, ಆಮದು ಸುಂಕ ಮೂರನ್ನೂ ಅವಲಂಬಿಸಿದೆ. 2024ರ ಜುಲೈ ಬಜೆಟ್‌ನಲ್ಲಿ ಸುಂಕವನ್ನು 15%ರಿಂದ 6%ಗೆ ಇಳಿಸಿದಾಗ ಇಲ್ಲಿ ಬೆಲೆ ತಟ್ಟನೆ ಬಿತ್ತು. ಯಾವ ಗ್ರಾಫೂ ಅದನ್ನು ಮೊದಲೇ ಹೇಳಿರಲಿಲ್ಲ.

ಯಾವ ಚಿನ್ನ ಎಂಬುದನ್ನೂ ನೋಡಿ. ಹಳೆಯ ಪಟ್ಟಿಗಳಲ್ಲಿ ‘ಸಾವರಿನ್ ಗೋಲ್ಡ್ ಬಾಂಡ್ ಕೊಳ್ಳಿ’ ಎಂದಿರುತ್ತದೆ. 2015ರಲ್ಲಿ ಶುರುವಾದ ಈ ಬಾಂಡಿನ ಕೊನೆಯ ಕಂತು ಬಂದದ್ದು 2024ರ ಫೆಬ್ರುವರಿಯಲ್ಲಿ. ಆ ಹಳೆಯ ಬಾಂಡನ್ನು ಈಗ ಷೇರುಪೇಟೆಯಲ್ಲಿ ಇನ್ನೊಬ್ಬರಿಂದಲೇ ಕೊಳ್ಳಬೇಕು, ಬೆಲೆ ಚಿನ್ನದ ದರಕ್ಕಿಂತ ಜಾಸ್ತಿಯೂ ಇರಬಹುದು. ಗೋಲ್ಡ್ ಇಟಿಎಫ್ ಸೆಬಿ ನಿಯಮದಡಿ ಬರುತ್ತದೆ. ಆ್ಯಪ್‌ಗಳಲ್ಲಿ ಸಿಗುವ ‘ಡಿಜಿಟಲ್ ಗೋಲ್ಡ್’ ತನ್ನ ನಿಯಂತ್ರಣದಲ್ಲಿಲ್ಲ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ.

ಹೇಳಿದವರು ಯಾರು?

ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಕಂಪನಿಯನ್ನು ಅದಾನಿ ಸಮೂಹ ಕೊಳ್ಳುತ್ತದೆ ಎಂದು 2022ರಲ್ಲಿ ಯೂಟ್ಯೂಬ್ ವಿಡಿಯೊಗಳು ಹಬ್ಬಿಸಿದವು. ನಂಬಿದವರು ಕೊಂಡರು, ಬೆಲೆ ಏರಿತು. ಮೊದಲೇ ಷೇರು ಇಟ್ಟುಕೊಂಡಿದ್ದವರು ಮಾರಿಕೊಂಡರು ಎಂದು ಸೆಬಿ 2023ರ ಮಾರ್ಚ್ ಆದೇಶದಲ್ಲಿ ಹೇಳಿದೆ.

ಷೇರು ಶಿಫಾರಸು ಮಾಡುವ ವಿಶ್ಲೇಷಕರು ಸೆಬಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ಸಂಖ್ಯೆ ‘ಐಎನ್‌ಎಚ್’ ಎಂದು ಶುರುವಾಗುತ್ತದೆ. ಸಂಖ್ಯೆಯನ್ನೂ ಕದ್ದು ಹಾಕುವವರಿದ್ದಾರೆ, ಹಾಗಾಗಿ ಸೆಬಿ ವೆಬ್‌ಸೈಟಿನಲ್ಲಿ ಹೆಸರು, ಫೋನ್ ಎರಡನ್ನೂ ಹೋಲಿಸಿ. ಖಚಿತ ಲಾಭದ ಭರವಸೆ ಕೊಡುವಂತೆಯೇ ಇಲ್ಲ. ಹಾಗೆ ನಂಬಿಸಿ ಈಗಾಗಲೇ ಹಣ ಹಾಕಿಸಿಕೊಂಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.