ಶ್ಯಾಲ್ ಎಂಬ ಹಳೇ ಸಾಲ

ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟ ನಿಯಮ ಹಲವರಿಗೆ ಇನ್ನೂ ಬಾಯಿಪಾಠವಿದೆ: ‘ಐ’, ‘ವಿ’ ಬಂದರೆ ‘ಶ್ಯಾಲ್’, ಉಳಿದವಕ್ಕೆ ‘ವಿಲ್’, ಅದಲುಬದಲಾದರೆ ಅದು ಬರೀ ಭವಿಷ್ಯತ್ಕಾಲವಲ್ಲ, ಅಪ್ಪಣೆ ಅಥವಾ ಪಣ. ಈ ಕಟ್ಟಳೆಯನ್ನು 1653ರಲ್ಲೇ ಪುಸ್ತಕಕ್ಕೇರಿಸಿದವರು ಜಾನ್ ವಾಲಿಸ್, ಅದೂ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ. ಅನಂತಕ್ಕೆ ಮಲಗಿದ ಎಂಟರ ಚಿಹ್ನೆ ಕೊಟ್ಟ ಗಣಿತಜ್ಞರೂ ಅವರೇ. ಸೂತ್ರ ಅಂಕ ಹಾಕಲು ಅನುಕೂಲ. ಆಡುಮಾತು ಮಾತ್ರ ಅದಕ್ಕೆ ಪೂರ್ತಿ ಬಗ್ಗಲೇ ಇಲ್ಲ.

ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಸಾಲದ ಲೆಕ್ಕಕ್ಕೆ ಸೇರಿದ್ದು. ಒಬ್ಬನು ಇಷ್ಟು ಹಣ ‘ಶ್ಯಾಲ್’ ಎಂದರೆ ಅಷ್ಟು ಬಾಕಿ ತೀರಿಸಬೇಕು ಎಂದರ್ಥ. ಜರ್ಮನ್ನಿನ ದಾಯಾದಿ ‘ಶುಲ್ಡ್’ ಇಂದಿಗೂ ಸಾಲವೂ ಹೌದು, ತಪ್ಪೂ ಹೌದು. ‘ಶುಡ್’ ಈ ‘ಶ್ಯಾಲ್’ನದೇ ಭೂತಕಾಲದ ರೂಪ. ಕೊಡಬೇಕಾದ್ದು ಮಾಡಬೇಕಾದ್ದಾಯಿತು, ಮಾಡಬೇಕಾದ್ದು ಮುಂದೆ ಆಗಲಿರುವುದಾಯಿತು. ಕನ್ನಡದ ‘ಬೇಕು’ ಹೊರಟದ್ದು ಬೇರೆ ಮನೆಯಿಂದ: ಹಳಗನ್ನಡದ ‘ಬೇಳ್ಕುಂ’ ಬಯಕೆಯ ಮಾತು. ಆದರೂ ‘ಅವರಿಗೆ ಸಾವಿರ ರೂಪಾಯಿ ಕೊಡಬೇಕು’ ಎಂದಾಗ ನಾವೂ ಸಾಲವನ್ನೇ ಹೇಳುತ್ತಿರುತ್ತೇವೆ.

ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲಿ ‘ಶ್ಯಾಲ್’ ಇಲ್ಲದ ಪುಟ ಹುಡುಕುವುದು ಕಷ್ಟ. 74ನೇ ವಿಧಿಯನ್ನೇ ನೋಡಿ. ರಾಷ್ಟ್ರಪತಿಗೆ ನೆರವು, ಸಲಹೆ ನೀಡಲು ಮಂತ್ರಿಮಂಡಲ ಇರತಕ್ಕದ್ದು ಎಂದಷ್ಟೇ 1950ರಲ್ಲಿ ಇತ್ತು. ಸಲಹೆಯನ್ನು ರಾಷ್ಟ್ರಪತಿ ಪಾಲಿಸಲೇಬೇಕೇ ಎಂಬ ಜಿಜ್ಞಾಸೆ ಕಾಲು ಶತಮಾನ ಉಳಿಯಿತು. 1976ರ 42ನೇ ತಿದ್ದುಪಡಿ ಅದೇ ವಾಕ್ಯಕ್ಕೆ ಇನ್ನೊಂದು ‘ಶ್ಯಾಲ್’ ಸೇರಿಸಿ, ರಾಷ್ಟ್ರಪತಿ ಆ ಸಲಹೆಯಂತೆಯೇ ನಡೆಯತಕ್ಕದ್ದು ಎಂದಿತು. ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದೆಂಬ ‘ಮೇ’ ಬಂದದ್ದು 44ನೇ ತಿದ್ದುಪಡಿಯಲ್ಲಿ. ಒಂದೊಂದು ಸಹಾಯಕ ಕ್ರಿಯಾಪದದ ಮೇಲೆ ರಾಷ್ಟ್ರಪತಿ ಭವನದ ಅಧಿಕಾರವೇ ನಿಂತಿತ್ತು. ಅಷ್ಟೇ ಗಮನಿಸಬೇಕಾದ್ದು 17ನೇ ವಿಧಿ. ಅಸ್ಪೃಶ್ಯತೆಯನ್ನು ರದ್ದುಪಡಿಸತಕ್ಕದ್ದು ಎಂದು ಅದು ಹೇಳುವುದಿಲ್ಲ, ರದ್ದುಪಡಿಸಲಾಗಿದೆ ಎನ್ನುತ್ತದೆ. ‘ಶ್ಯಾಲ್’ ಅಲ್ಲಿ ಬರುವುದು ಆಮೇಲೆ, ಅದರ ಆಚರಣೆಯಿಂದ ಯಾರ ಮೇಲಾದರೂ ನಿರ್ಬಂಧ ಹೇರಿದರೆ ಅದು ಅಪರಾಧ ಎನ್ನುವಾಗ. ಕರಡು ಬರೆದವರ ಕೈ ಎಷ್ಟು ಪಳಗಿತ್ತೆನ್ನಲು ನನಗೆ ಇದೊಂದು ವಿಧಿ ಸಾಕು.

ಆದರೆ ‘ಶ್ಯಾಲ್’ ಇದ್ದ ಮಾತ್ರಕ್ಕೆ ಕಡ್ಡಾಯವೇ? ಸರ್ಕಾರಿ ನೌಕರನ ಮೇಲೆ ಶಿಸ್ತುಕ್ರಮ ಜರುಗಿಸುವಾಗ ಲೋಕಸೇವಾ ಆಯೋಗವನ್ನು ಕೇಳತಕ್ಕದ್ದು ಎನ್ನುತ್ತದೆ 320ನೇ ವಿಧಿ. ಉತ್ತರ ಪ್ರದೇಶದ ಮನಬೋಧನ್ ಲಾಲ್ ಪ್ರಕರಣದಲ್ಲಿ 1957ರಲ್ಲಿ ಸುಪ್ರೀಂ ಕೋರ್ಟ್, ಅದು ನಿರ್ದೇಶನವಷ್ಟೇ, ಕೇಳದಿದ್ದರೂ ಆದೇಶ ಬಿದ್ದುಹೋಗದು ಎಂದಿತು. ಪದ ನೋಡಬೇಡಿ, ಉದ್ದೇಶ ನೋಡಿ ಎಂಬುದು ಅದರ ತಾತ್ಪರ್ಯ. ‘ನಿಗದಿತ ಸಮಯಕ್ಕೆ ಹಾಜರಾಗತಕ್ಕದ್ದು’ ಎಂಬ ಸುತ್ತೋಲೆ ಕಂಡಿರುವ ನಮ್ಮ ಗುಮಾಸ್ತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೀಗಾಗಿ ಬಿಗಿ ಬೇಕಾದವರು ‘ಮಸ್ಟ್’ ಕಡೆ ವಾಲಿದ್ದಾರೆ. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳಿಂದ 2007ರಲ್ಲಿ ‘ಶ್ಯಾಲ್’ ಅನ್ನು ಕಿತ್ತುಹಾಕಿದರು. ಪೂರ್ಣ ವಿಚಾರಣೆಯಿಲ್ಲದೆ ತೀರ್ಪು ಕೊಡುವ 56ನೇ ನಿಯಮದಲ್ಲಿ ‘ಶುಡ್’ ಹಾಕಿ ನೋಡಿದರು. ಗೊಂದಲ ಹೆಚ್ಚಾಗಿ 2010ರಲ್ಲಿ ಹಳೆಯ ‘ಶ್ಯಾಲ್’ ಅನ್ನೇ ಮರಳಿ ಕರೆತಂದರು. ಇಂಟರ್‌ನೆಟ್ಟಿನ ಮಾನದಂಡ ಬರೆಯುವವರು ಜಗಳವೇ ಬೇಡವೆಂದು 1997ರ ಆರ್‌ಎಫ್‌ಸಿ 2119ರಲ್ಲಿ ಅರ್ಥ ನಿಗದಿ ಮಾಡಿಬಿಟ್ಟರು: ‘ಮಸ್ಟ್’, ‘ಶ್ಯಾಲ್’ ಎರಡೂ ಕಡ್ಡಾಯ, ‘ಶುಡ್’ ಇದ್ದರೆ ಸಕಾರಣವಾಗಿ ಬಿಡಬಹುದು. ಬೆಂಗಳೂರಿನ ಸಾಫ್ಟ್‌ವೇರಿನವರಲ್ಲಿ ಎಷ್ಟೋ ಮಂದಿ ಈ ವ್ಯಾಕರಣದಲ್ಲೇ ಅನ್ನ ಉಣ್ಣುತ್ತಿದ್ದಾರೆ.

ಇಷ್ಟಕ್ಕೂ ನಂಬಿ ಹಿಡಿದುಕೊಂಡ ‘ಮಸ್ಟ್’ ಯಾವ ಕುಲದ್ದು? ಹಳೆಯ ಇಂಗ್ಲಿಷಿನ ‘ಮೋಟನ್’ ಎಂಬ ಕ್ರಿಯಾಪದದ ಭೂತಕಾಲ. ಆ ‘ಮೋಟನ್’ನ ಅಂದಿನ ಮುಖ್ಯ ಅರ್ಥ: ಅನುಮತಿ ಇದೆ, ಮಾಡಬಹುದು.